ತುಕ್ಕಿನ ಕೆಳಗಿನ ಜೀಪು

ಮಲೆನಾಡಿನ ತೋಟದ ಶೆಡ್ಡಿನಲ್ಲಿ, ಹರಿದ ಟಾರ್ಪಾಲಿನ ಕೆಳಗೆ ಹಳೇ ಜೀಪೊಂದು ನಿಂತಿರುವುದನ್ನು ನೀವೂ ನೋಡಿರುತ್ತೀರಿ. ಎರಡನೇ ಮಹಾಯುದ್ಧಕ್ಕೆಂದು ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಆರು ಲಕ್ಷಕ್ಕೂ ಹೆಚ್ಚು ಜೀಪು ತಯಾರಿಸಿದವು. 1940ರ ದಶಕದ ಕೊನೆಗೆ ಮಹೀಂದ್ರ ಅದನ್ನು ಮುಂಬಯಿಯಲ್ಲಿ ಜೋಡಿಸತೊಡಗಿತು. ಆ ವಂಶದ್ದೇ ನಮ್ಮ ಘಟ್ಟ ಹತ್ತಿದ್ದು.

ಕೊಳ್ಳಲು ಹೋದವರು ಬಣ್ಣಕ್ಕೆ ಮರುಳಾಗುತ್ತಾರೆ. ನೆಲಕ್ಕೆ ಮಲಗಿ ಚಾಸಿಯನ್ನು ಸುತ್ತಿಗೆಯಿಂದ ತಟ್ಟಿ ನೋಡಬೇಕು. ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ. ತುಕ್ಕು ತಿಂದದ್ದು ಮಂಕಾಗಿ ಗೊಣಗುತ್ತದೆ. ಮಳೆಯೂರಿನ ಗಾಡಿ ಒಳಗಿಂದಲೇ ಸವೆಯುವುದು. ಚಾಸಿ ನಂಬರು ಆರ್‌ಸಿಗೆ ತಾಳೆಯಾಗದಿದ್ದರೆ ಎದ್ದು ಬನ್ನಿ, ಎಷ್ಟೇ ಮುದ್ದಾಗಿರಲಿ.

ಬಿಚ್ಚಲು ಎರಡು ದಿನ, ಜೋಡಿಸಲು ಎರಡು ವರ್ಷ. ಪ್ರತಿ ಬೋಲ್ಟಿಗೂ ಚೀಟಿ ಕಟ್ಟಿಟ್ಟವನು ಜಾಣ. ನಾನು ಕಟ್ಟಿರಲಿಲ್ಲ.

ಎಡಚಕ್ರದ ನಟ್ಟೊಂದಕ್ಕೆ ನಾಲ್ಕು ರಾತ್ರಿ ಎಣ್ಣೆ ಕುಡಿಸಿದೆ. ಪಾನಾಕ್ಕೆ ಪೈಪು ತೊಡಿಸಿ ನೇತಾಡಿದೆ. ಅಲುಗಲಿಲ್ಲ. ಐದನೇ ಬೆಳಿಗ್ಗೆ ಬಂದ ಮುದಿ ಮೆಕ್ಯಾನಿಕ್ ನಕ್ಕರು: "ಹಳೇ ವಿಲ್ಲಿಸ್ ಸ್ವಾಮಿ, ಎಡಗಡೆ ಥ್ರೆಡ್ಡು ಉಲ್ಟಾ. ನೀವು ಬಿಗಿ ಮಾಡ್ತಾ ಇದ್ದೀರಿ!"