ಫ್ಲೆಕ್ಸಿನಲ್ಲಿ ಇಲ್ಲದವರ ಸಂಬಳ



ಪದವಿ ಕಾಲೇಜು ಅಧ್ಯಾಪಕರ ಸಭೆಗೆ ಅಧ್ಯಕ್ಷನಾದವನು ಮೊದಲು ತನ್ನ ಅನರ್ಹತೆಯ ಬಗ್ಗೆ ನಾಲ್ಕು ಮಾತಾಡಬೇಕೆಂಬ ರೂಢಿಯಿದೆ. ಊಟದ ಹೊತ್ತು ಹತ್ತಿರವಾಗಿರುವುದರಿಂದ ಅದನ್ನು ಬಿಟ್ಟು ನೇರವಾಗಿ ದುಡ್ಡಿನ ವಿಷಯಕ್ಕೆ ಬರುತ್ತೇನೆ. ವಾಣಿಜ್ಯ ವಿಭಾಗದವನು ನಾನು, ಬೇರೆ ವಿಷಯ ಅಷ್ಟಾಗಿ ಬರುವುದೂ ಇಲ್ಲ.

ಪ್ರವೇಶದ ದಿನಗಳಲ್ಲಿ ನಮ್ಮ ಟೇಬಲ್ಲಿನ ಮುಂದೆ ನಿಲ್ಲುವ ತಂದೆತಾಯಿ ಕೇಳುವುದು ಒಂದೇ: "ಫೀಸು ಎಷ್ಟಾಯ್ತದೆ ಸಾರ್?" ಸರ್ಕಾರಿ ಪ್ರಥಮ ದರ್ಜೆ ಕಾಲೇಜಾದರೆ ಕೆಲವು ಸಾವಿರ ಎನ್ನುತ್ತೇವೆ. ಅವರಿಗೆ ನಿರಾಳ. ಆದರೆ ನಿಜವಾದ ಖರ್ಚು ಆ ರಸೀದಿಯಲ್ಲಿ ಇರುವುದೇ ಇಲ್ಲ. ಹಾಸ್ಟೆಲ್ ಸಿಗದಿದ್ದರೆ ಬಾಡಿಗೆ ರೂಮು, ಮೆಸ್ಸಿನ ಬಿಲ್ಲು, ಪರೀಕ್ಷಾ ಶುಲ್ಕ. ಎಲ್ಲಕ್ಕಿಂತ ಹೆಚ್ಚಾಗಿ, ಓದುವಷ್ಟು ವರ್ಷ ಆ ಹುಡುಗ ಮನೆಗೆ ತರಲಾಗದ ಕೂಲಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳ ಬಸ್ ಚಾರ್ಜು ಉಳಿಯಿತು. ಹಳ್ಳಿಯಿಂದ ಬರುವ ವಿದ್ಯಾರ್ಥಿನಿಗೆ ಅದು ಯಾವ ವಿದ್ಯಾರ್ಥಿವೇತನಕ್ಕೂ ಕಡಿಮೆಯಲ್ಲ. ಮುಖ್ಯವಾಗಿ, ಅದಕ್ಕೆ ಅರ್ಜಿ ಹಾಕಬೇಕಿಲ್ಲ.

ಉಳಿದೆಲ್ಲಕ್ಕೂ ಅರ್ಜಿ ಬೇಕು. ಹಿಂದುಳಿದ ವರ್ಗಗಳ ಮಕ್ಕಳ ಊಟ ವಸತಿಗೆಂದು ವಿದ್ಯಾಸಿರಿ ಇದೆ, ಶುರುವಾದಾಗ ಗೊತ್ತುಮಾಡಿದ್ದು ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳು. 2021ರಲ್ಲಿ ರೈತ ವಿದ್ಯಾನಿಧಿ ಬಂತು: ಬಿ.ಎ., ಬಿ.ಕಾಂ. ಓದುವ ರೈತರ ಮಗನಿಗೆ ವರ್ಷಕ್ಕೆ 5,000, ಮಗಳಿಗೆ 5,500. ಮೊತ್ತ ಸಣ್ಣದೆಂದು ನಾನು ತಕರಾರು ಎತ್ತುವುದಿಲ್ಲ. ನನ್ನ ತಕರಾರು ಅದು ಕೈಗೆ ಬರುವ ದಾರಿಯ ಬಗ್ಗೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಇನಿಷಿಯಲ್ ಒಂದೇ ಇದೆ, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರಿದೆ. ಎಸ್‌ಎಸ್‌ಪಿ ಎಂಬ ವಿದ್ಯಾರ್ಥಿವೇತನದ ಪೋರ್ಟಲ್ ಒಪ್ಪುವುದಿಲ್ಲ. ಹುಡುಗ ಆಧಾರ್ ಕೇಂದ್ರದಲ್ಲಿ ಸರದಿ ನಿಲ್ಲುತ್ತಾನೆ. ಜಾತಿ ಆದಾಯ ಪತ್ರದ ಆರ್‌ಡಿ ನಂಬರ್‌ಗೆ ನಾಡಕಚೇರಿ. ಎಲ್ಲ ಸರಿಹೋಯಿತು ಎನ್ನುವಾಗ ಹಣ ಅವನು ಎಂದೋ ತೆರೆದು ಮರೆತ ಖಾತೆಗೆ ಹೋಗಿ ಕುಳಿತಿರುತ್ತದೆ, ಎನ್‌ಪಿಸಿಐ ಮ್ಯಾಪಿಂಗ್‌ನಲ್ಲಿ ಆಧಾರ್ ಜೋಡಣೆ ಆಗಿದ್ದು ಆ ಖಾತೆಗಂತೆ. ಅಷ್ಟು ಹೊತ್ತಿಗೆ ಸೆಮಿಸ್ಟರ್ ಮುಗಿದಿರುತ್ತದೆ. ಮೆಸ್ಸಿನವರು ಮಾತ್ರ ತಿಂಗಳು ತಿಂಗಳು ಲೆಕ್ಕ ಕೇಳುತ್ತಾರೆ. ನಡುವೆ ಕೈಸಾಲ ಕೊಟ್ಟವರು ಯಾರೆಂದು ಕೇಳಿ ನೋಡಿ. ಎಷ್ಟೋ ಸಲ ಅದು ನಮ್ಮದೇ ಕಾಲೇಜಿನ ಗುಮಾಸ್ತರು.

ಇನ್ನು ಬ್ಯಾಂಕ್ ಸಾಲ. ಖಾಸಗಿ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಲು ಹುಡುಗನೊಬ್ಬ ವರ್ಷಕ್ಕೆ 1 ಲಕ್ಷದಂತೆ 4 ಲಕ್ಷ ಸಾಲ ತೆಗೆದನೆಂದಿಟ್ಟುಕೊಳ್ಳಿ. ಬಡ್ಡಿ ನೂರಕ್ಕೆ 10. ಓದುವಾಗ ಮತ್ತು ಓದು ಮುಗಿದು ಒಂದು ವರ್ಷದವರೆಗೆ ಕಂತಿಲ್ಲ, ಆದರೆ ಬಡ್ಡಿ ಓಡುತ್ತಿರುತ್ತದೆ. ಸರಳ ಬಡ್ಡಿ ಹಿಡಿದರೂ ಕಂತು ಶುರುವಾಗುವ ದಿನ ಸಾಲ 5.40 ಲಕ್ಷ. 7 ವರ್ಷದಲ್ಲಿ ತೀರಿಸಬೇಕೆಂದರೆ ತಿಂಗಳಿಗೆ ಸುಮಾರು 9,000. ಕುಟುಂಬದ ಆದಾಯ ವರ್ಷಕ್ಕೆ 4.5 ಲಕ್ಷದೊಳಗಿದ್ದರೆ ಆ ನಡುವಿನ ಬಡ್ಡಿಯನ್ನು ಕೇಂದ್ರ ಸರ್ಕಾರ ಕಟ್ಟುವ ಯೋಜನೆ 2009ರಿಂದ ಇದೆ. ಅದು ವೃತ್ತಿಪರ, ತಾಂತ್ರಿಕ ಕೋರ್ಸುಗಳಿಗೆಂದೇ ಮಾಡಿದ್ದು. ಹುಡುಗನಿಗೆ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ವರ್ಷಕ್ಕೆ ಮೂರೂವರೆ ಲಕ್ಷದ ಕೆಲಸ ಸಿಕ್ಕಿತೆನ್ನಿ. ಕೈಗೆ ಬರುವುದು ತಿಂಗಳಿಗೆ 25 ಸಾವಿರದ ಆಸುಪಾಸು. ಅದರಲ್ಲಿ ಕಂತು, ಪಿ.ಜಿ. ಬಾಡಿಗೆ, ಊಟ ಕಳೆದು ಊರಿಗೆ ಏನು ಕಳಿಸಬಲ್ಲ ಎನ್ನುವ ಲೆಕ್ಕವನ್ನು ನೀವೇ ಹಾಕಿ. ಸಾಲಪತ್ರಕ್ಕೆ ಸಹಿ ಹಾಕುವ ಮುಂಚೆ ಇದನ್ನು ಅವನ ಎದುರಿಗೆ ಯಾರೂ ಬರೆದು ತೋರಿಸಿರುವುದಿಲ್ಲ.

ತೋರಿಸುವುದು ಫ್ಲೆಕ್ಸ್. ಕಾಲೇಜಿನ ಗೇಟಿನಲ್ಲಿ ಕೋಟು ತೊಟ್ಟ ಒಬ್ಬ ವಿದ್ಯಾರ್ಥಿ, ಪಕ್ಕದಲ್ಲಿ ದಪ್ಪಕ್ಷರದಲ್ಲಿ 'ಅತ್ಯಧಿಕ ಪ್ಯಾಕೇಜ್'. ಉಳಿದವರ ಗತಿ? ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ 2023ರ ವರದಿಯ ಪ್ರಕಾರ, ದೇಶದಲ್ಲಿ 25 ವರ್ಷದೊಳಗಿನ ಪದವೀಧರರಲ್ಲಿ ನಿರುದ್ಯೋಗ ಶೇ. 42ಕ್ಕೂ ಹೆಚ್ಚು. ವಯಸ್ಸು 35 ದಾಟಿದ ಪದವೀಧರರಲ್ಲಿ ಅದು ಶೇ. 5ಕ್ಕಿಂತ ಕೆಳಗೆ. ಅಂದರೆ ಕೆಲಸ ಹುಡುಕುವವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಕೊನೆಗೆ ಏನೋ ಒಂದನ್ನು ಹಿಡಿಯುತ್ತಾರೆ. ಆ 'ಏನೋ ಒಂದು' ಏನೆಂದು ತಿಳಿಯಲು ದೂರ ಹೋಗಬೇಕಿಲ್ಲ. ಸಭೆಯ ಹಿಂದಿನ ಸಾಲುಗಳಲ್ಲಿ ಕುಳಿತಿರುವ ಅತಿಥಿ ಉಪನ್ಯಾಸಕರು ಸ್ನಾತಕೋತ್ತರ ಪದವಿ ಪಡೆದವರು. 2022ರ ಆರಂಭದವರೆಗೂ ಸರ್ಕಾರಿ ಕಾಲೇಜಿನಲ್ಲಿ ಅವರ ಗೌರವಧನ ತಿಂಗಳಿಗೆ 11ರಿಂದ 13 ಸಾವಿರ.

ಅಂಕಿ ಅಂಶ ಸಿಗುವುದಿಲ್ಲ ಎಂಬ ನೆಪವನ್ನು ನಾನು ಒಪ್ಪುವುದಿಲ್ಲ. ಎನ್‌ಐಆರ್‌ಎಫ್ ಶ್ರೇಯಾಂಕಕ್ಕೆ ಅರ್ಜಿ ಹಾಕುವ ಕಾಲೇಜು ಎಷ್ಟು ಜನ ಪಾಸಾದರು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಅವರನ್ನು ಸಂಬಳದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಲ್ಲುವವರ ಸಂಬಳ ಎಷ್ಟು ಎಂದೆಲ್ಲ ಕೊಟ್ಟೇ ಕೊಡುತ್ತದೆ. ಅದನ್ನೇ ಗೇಟಿನ ಬಳಿ ಹಾಕಲು ಏನಡ್ಡಿ? ಅಮೆರಿಕದಲ್ಲಿ 2015ರಿಂದ ಸರ್ಕಾರವೇ ವಿದ್ಯಾರ್ಥಿ ನೆರವಿನ ದಾಖಲೆಯನ್ನು ತೆರಿಗೆ ದಾಖಲೆಯೊಂದಿಗೆ ಜೋಡಿಸಿ, ಯಾವ ಕಾಲೇಜಿಗೆ ಸೇರಿದವರು, ಸೇರಿ ಹತ್ತು ವರ್ಷದ ಮೇಲೆ, ಎಷ್ಟು ಗಳಿಸುತ್ತಿದ್ದಾರೆಂದು ಪ್ರಕಟಿಸುತ್ತಿದೆ. ನಮ್ಮಲ್ಲೂ ಸಾಮಗ್ರಿ ಇದೆ. ಪಾಸಾಗಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರನಿಗೆ ರಾಜ್ಯದ ಯುವನಿಧಿ ಯೋಜನೆಯಲ್ಲಿ ತಿಂಗಳಿಗೆ 3,000 ಕೊಡುವಾಗ, ಅವನು ಓದಿದ್ದೆಲ್ಲಿ ಎಂಬುದು ಸರ್ಕಾರಕ್ಕೆ ಗೊತ್ತಿಲ್ಲದೆ ಇರುತ್ತದೆಯೇ? ಹೆಸರು ತೆಗೆದು ಕಾಲೇಜುವಾರು ಪಟ್ಟಿ ಕೊಟ್ಟರೆ ಸಾಕು.

ಕನ್ನಡ, ಇತಿಹಾಸ ವಿಭಾಗದ ಗೆಳೆಯರು ಆಗಲೇ ನನ್ನನ್ನು ಗುರಾಯಿಸುತ್ತಿದ್ದಾರೆ. ಸಂಬಳದಿಂದಲೇ ಅಳೆದರೆ ನಮ್ಮ ವಿಭಾಗಕ್ಕೆ ಬಾಗಿಲು ಹಾಕಿಸುತ್ತಾರೆಂಬ ಅವರ ಭಯ ಸುಳ್ಳಲ್ಲ. ಅಂಥ ಆಡಳಿತ ಮಂಡಳಿಗಳು ಇವೆ. ಹಾಗಾಗಿ ಈ ಅಂಕಿಗಳನ್ನು ಕೋರ್ಸು ಮುಚ್ಚಲು ಬಳಸಬಾರದು, ಶುಲ್ಕ ಮತ್ತು ನೆರವು ನಿಗದಿ ಮಾಡಲು ಬಳಸಬೇಕು ಎಂಬ ಷರತ್ತನ್ನೂ ನಮ್ಮ ನಿರ್ಣಯಕ್ಕೆ ಸೇರಿಸೋಣ. ಬಿ.ಎ. ಓದಿದವನು ಕಡಿಮೆ ದುಡಿಯುತ್ತಾನೆಂದರೆ ಅವನ ಓದು ಅಗ್ಗವಾಗಬೇಕು, ಹಣ ಬೇಗ ಬರಬೇಕು. ಅವನು ಓದಲೇಬಾರದೆಂದು ಅರ್ಥವಲ್ಲ.

ಮಧ್ಯಾಹ್ನದ ಗೋಷ್ಠಿಗೆ ನಿರ್ಣಯದ ಕರಡು ನಿಮ್ಮ ಫೈಲಿನಲ್ಲಿದೆ. ಎರಡನೆಯ ಕಲಮಿನಲ್ಲಿ 'ಉದ್ಯೋಗ ದೊರೆತ ವಿದ್ಯಾರ್ಥಿಗಳ ವೇತನ ವಿವರವನ್ನು ಪ್ರಕಟಿಸಬೇಕು' ಎಂದಿದೆ. ಅಲ್ಲಿ 'ತೇರ್ಗಡೆಯಾದ ಎಲ್ಲ ವಿದ್ಯಾರ್ಥಿಗಳ' ಎಂದು ತಿದ್ದುಪಡಿ ಸೂಚಿಸುತ್ತಿದ್ದೇನೆ. ಅನುಮೋದಿಸುವವರು ಊಟಕ್ಕೆ ಮುಂಚೆ ಕಾರ್ಯದರ್ಶಿಗಳ ಬಳಿ ಹೆಸರು ಬರೆಸಿ. ವಿರೋಧಿಸುವವರೂ ಬರೆಸಿ, ಅವರಿಗೇ ಮೊದಲು ಮಾತಾಡಲು ಬಿಡುತ್ತೇನೆ.