ಕಾಯಿ ಹಣ್ಣಾಗುವ ಆಟ



ಯಲಹಂಕದ ಭಕ್ತರೊಬ್ಬರ ಮನೆಗೆ ಪಾದಪೂಜೆಗೆ ಹೋಗಿದ್ದೆವು. ಪ್ರಸಾದ ಮುಗಿದ ಮೇಲೆ ಆ ಮನೆಯ ಐದು ವರ್ಷದ ಮಗು ಬಂದು, “ಬುದ್ಧೀ, ನಮ್ಮಜ್ಜಿಗೆ ಯಾವ ಆಟವೂ ಬರೋದಿಲ್ಲ” ಎಂದು ದೂರು ಹೇಳಿತು. ಎಲ್ಲರೂ ನಕ್ಕರು. ಮೂಲೆಯಲ್ಲಿ ಕುಳಿತಿದ್ದ ಅಜ್ಜಿ ಮಾತ್ರ ನಗಲಿಲ್ಲ. ಹಳ್ಳಿ ಬಿಟ್ಟು ಮಗನ ಮನೆ ಸೇರಿದ ಜೀವ ಅದು.

“ತಾಯಿ, ನೀವು ಏನು ಆಡುತ್ತಿದ್ದಿರಿ?” ಎಂದು ಕೇಳಿದೆವು. ಆಕೆ ಮಾತಾಡದೆ ಎದ್ದು ನಾಲ್ಕು ಹುಣಸೆಬೀಜ ತಂದು, ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬಿಳುಪು ಮಾಡಿದರು. ಸೀಮೆಸುಣ್ಣದಲ್ಲಿ 25 ಮನೆ ಬರೆದು ಐದು ಕಟ್ಟೆ ಗುರುತಿಸಿದರು. ಚೌಕಾಬಾರ! ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕು. ನಾಲ್ಕೂ ಕಪ್ಪು ಬಿದ್ದರೆ ಬಾರ, ಎಂಟು.

ಅಜ್ಜಿ ಮಗುವಿನ ಕಾಯಿ ಕಡಿದರು. ಮಗು ಅತ್ತಿತು. “ಬಿಟ್ಟುಕೊಡಿ ಅತ್ತೆ, ಮಗು ತಾನೆ” ಎಂದರು ಸೊಸೆ. ಅಜ್ಜಿ, “ಕಡಿದ ಕಾಯಿ ಮತ್ತೆ ಹುಟ್ಟುತ್ತೆ ಕಣಮ್ಮ, ಬೀಜ ಹಾಕು” ಎಂದು ಮಗುವಿನ ಕೈಗೇ ಬೀಜ ಕೊಟ್ಟರು. ಸೋತವರು ಮತ್ತೆ ಮೊದಲಿಂದ ನಡೆಯಬೇಕೆಂಬ ಪಾಠ ಅಲ್ಲೇ ಆಯಿತು. ನಾವು ಒಂದು ಗಂಟೆ ಉಪದೇಶ ಮಾಡಿದ್ದರೂ ಅಷ್ಟು ನಾಟುತ್ತಿರಲಿಲ್ಲ.

ನೋಡಿ, ಒಂದೊಂದು ವಯಸ್ಸಿಗೆ ಒಂದೊಂದು ಆಟ. ಎಳೆಯರಿಗೆ ಕಣ್ಣಾಮುಚ್ಚಾಲೆ, ಸ್ವಲ್ಪ ಬೆಳೆದರೆ ಬುಗುರಿ, ಲಗೋರಿ, ಕುಂಟೆಬಿಲ್ಲೆ, ಹರೆಯದವರಿಗೆ ಕಬಡ್ಡಿ, ಕಾಲು ಸೋತವರಿಗೆ ಅಳಗುಳಿಮಣೆ, ಹುಲಿ-ಕುರಿ. ಮೈಯ ಕಸುವು ಇಳಿದರೂ ಆಡುವ ಮನಸ್ಸು ಇಳಿಯುವುದಿಲ್ಲ. ಇದನ್ನು ಮಕ್ಕಳಿಗೆ ತಿಳಿಸಬೇಕು. ಆಟ ತನಗೊಬ್ಬನಿಗೇ ಎಂದುಕೊಂಡ ಮಗುವಿಗೆ ಹಿರಿಯರೆಂದರೆ ಗದರುವವರು, ಇಲ್ಲವೇ ಮೂಲೆ ಹಿಡಿದವರು, ಅಷ್ಟೆ.

ಚಿನ್ನಿದಾಂಡು ಆಡುತ್ತಿದ್ದ ಬಯಲುಗಳು ಇಂದು ಬಡಾವಣೆಗಳಾಗಿವೆ. ಮಕ್ಕಳ ಕೈಗೆ ಮೊಬೈಲು ಬಂದಿದೆ. ಅದನ್ನು ಕಿತ್ತುಕೊಂಡರೆ ಸಾಲದು, ಬದಲಿಗೆ ಜೊತೆ ಕೊಡಬೇಕು. ಚೌಕಾಬಾರಕ್ಕೆ ಬಯಲು ಬೇಡ, ಹಣ ಬೇಡ, ಒಂದು ಮೊಳ ನೆಲ ಸಾಕು. ಒಂದು ಎಚ್ಚರಿಕೆ: ಪಣ ಇಟ್ಟರೆ ಅದು ಆಟವಲ್ಲ, ಜೂಜು. ಪಗಡೆಯಲ್ಲಿ ರಾಜ್ಯ ಕಳೆದುಕೊಂಡ ಧರ್ಮರಾಯನ ಕಥೆಯನ್ನೂ ಮಕ್ಕಳಿಗೆ ಹೇಳಿ.

ಚೌಕಾಬಾರದಲ್ಲಿ ಕಾಯಿ ಹೊರಸುತ್ತಿನ 16 ಮನೆ, ಒಳಸುತ್ತಿನ 8 ಮನೆ ದಾಟಿ ನಡುಮನೆ ಸೇರಿದರೆ “ಹಣ್ಣಾಯಿತು” ಎನ್ನುತ್ತೇವೆ. ಮನೆಯ ಹಿರಿಯರೂ ಹಾಗೆಯೇ, ಸುತ್ತೆಲ್ಲ ಸುತ್ತಿ ಹಣ್ಣಾದವರು. ಹಣ್ಣಿನ ಜಾಗ ನಡುಮನೆ, ಮೂಲೆಯಲ್ಲ. ಈ ಹೊತ್ತು ಮನೆಗೆ ಹೋದೊಡನೆ ಮಗುವನ್ನು ಅಜ್ಜಿಯ ಎದುರು ಕೂರಿಸಿ, ನಾಲ್ಕು ಹುಣಸೆಬೀಜ ಕೊಡಿ.