ಧ್ವನಿಸುರುಳಿಯೂ ಕವಿಯೂ



ನ್ಯೂಯಾರ್ಕಿನ ನಾಸ್ ಎಂಬ ಇಪ್ಪತ್ತರ ತರುಣ 1994ರಲ್ಲಿ ಹೊರತಂದ ‘ಇಲ್‌ಮ್ಯಾಟಿಕ್’ ಎಂಬ ಹಿಪ್‌ಹಾಪ್ ಧ್ವನಿಮುದ್ರಿಕೆಯನ್ನು ಕಾಲೇಜಿನಲ್ಲಿ ಓದುತ್ತಿರುವ ನನ್ನ ಅಣ್ಣನ ಮೊಮ್ಮಗ ಈಚೆಗೆ ನನಗೆ ಕೇಳಿಸಿದ. ಲಯಬದ್ಧವಾದ ಆ ಮಾತು ನನಗೆ ಪೂರ್ತಿಯಾಗಿ ದಕ್ಕಲಿಲ್ಲ. ಆದರೆ ಸುಮಾರು ನಲವತ್ತು ನಿಮಿಷಗಳ ಒಂದು ಮುದ್ರಿಕೆ ಒಂದು ತಲೆಮಾರಿನ ಕಿವಿಯನ್ನೇ ತಿದ್ದಿತು ಎಂಬ ಅವನ ಮಾತಿಗೆ ತಲೆದೂಗಿದೆ. ಕನ್ನಡದಲ್ಲಿಯೂ ಅಂಥದೊಂದು ಸಂಗತಿ ನಡೆದುದನ್ನು ಕಂಡವನು ನಾನು. 1978ರಲ್ಲಿ ಬಂದ ‘ನಿತ್ಯೋತ್ಸವ’ವೇ ಅದು. ಕೆ.ಎಸ್. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ಇದನ್ನು ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿಯೆಂದು ಗುರುತಿಸುತ್ತಾರೆ.

ಕವಿತೆಯನ್ನು ಹಾಡುವುದು ನಮಗೆ ಹೊಸತಾಗಿರಲಿಲ್ಲ. ನಮ್ಮ ಕರಾವಳಿಯವರೇ ಆದ ಪಿ. ಕಾಳಿಂಗರಾಯರು ಅದಕ್ಕೂ ಬಹಳ ಮುಂಚೆಯೇ ಕನ್ನಡದ ಕವಿಗಳನ್ನು ಹಾಡಿ ಜನರಿಗೆ ಮುಟ್ಟಿಸಿದ್ದರು. ಆದರೆ ಹಳೆಯ ಗ್ರಾಮಫೋನು ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷಗಳ ಒಂದು ಹಾಡು ಹಿಡಿದರೆ ಹೆಚ್ಚು. ಕ್ಯಾಸೆಟ್ಟಿನಲ್ಲಾದರೋ ಒಬ್ಬ ಕವಿಯ ಹಲವು ಕವಿತೆಗಳನ್ನು ಒಟ್ಟಿಗೆ ಕೇಳಬಹುದಾಯಿತು. ಲಕ್ಷ್ಮೀನಾರಾಯಣ ಭಟ್ಟ, ಎಚ್.ಎಸ್. ವೆಂಕಟೇಶಮೂರ್ತಿ, ಬಿ.ಆರ್. ಲಕ್ಷ್ಮಣರಾವ್ ಮೊದಲಾದವರ ಕವಿತೆಗಳು ಮುಂದೆ ಈ ದಾರಿಯಲ್ಲಿಯೇ ಮನೆಗಳನ್ನು ಹೊಕ್ಕವು. 1942ರ ‘ಮೈಸೂರು ಮಲ್ಲಿಗೆ’ಯೂ ಕ್ಯಾಸೆಟ್ಟಿನಲ್ಲಿ ಮತ್ತೊಮ್ಮೆ ಅರಳಿತು.

ನನ್ನ ಊರಾದ ಈಶ್ವರಮಂಗಲ ಕೇರಳದ ಗಡಿಗೆ ಸಮೀಪದ ಹಳ್ಳಿ. ಇಲ್ಲಿನ ಮನೆಗಳಲ್ಲಿ ತುಳು, ಮಲಯಾಳ, ಹವ್ಯಕ ಕನ್ನಡ. ಪುಸ್ತಕದ ಕನ್ನಡವೆಂದರೆ ಶಾಲೆಯ ಭಾಷೆ. ನಾನು ಆಗತಾನೇ ಅಧ್ಯಾಪಕನಾಗಿದ್ದ ಎಂಬತ್ತರ ದಶಕದಲ್ಲೊಮ್ಮೆ, ಶಾಲೆಯ ವಾರ್ಷಿಕೋತ್ಸವದಲ್ಲಿ, ಮಲಯಾಳ ಮನೆಮಾತಿನ ಬಾಲಕಿಯೊಬ್ಬಳು ‘ನಿತ್ಯೋತ್ಸವ’ವನ್ನು ಒಂದಕ್ಷರವೂ ತಪ್ಪದೆ ಹಾಡಿದಳು. ಜೋಗವನ್ನು ಅವಳು ಕಂಡಿರಲಾರಳು. ಆ ಹೊತ್ತಿಗೆ ಮಾತ್ರ ಅದು ಅವಳದೂ ಆಗಿತ್ತು. “ಯಾರು ಬರೆದದ್ದು ಮಗೂ?” ಎಂದು ಕೇಳಿದೆ. “ಕ್ಯಾಸೆಟ್ಟಿನದ್ದು ಸರ್” ಎಂದಳು.

ಅಂದು ನಕ್ಕೆ. ಇಂದು ನಗಲಾರೆ. ಅಮೆರಿಕದ ಆ ತರುಣ ತನ್ನ ಪದ್ಯವನ್ನು ತಾನೇ ನುಡಿದ. ನಮ್ಮಲ್ಲಿ ಕವಿ ಒಬ್ಬ, ರಾಗ ಹಾಕುವವನೊಬ್ಬ, ಹಾಡುವವನು ಮತ್ತೊಬ್ಬ. ರಾಗಕ್ಕೆ ಒಗ್ಗಿದ ಕವಿತೆ ನಾಲಗೆಯ ಮೇಲೆ ಬಾಳಿತು. ಒಗ್ಗದುದು ಪುಸ್ತಕದಲ್ಲಿಯೇ ಉಳಿಯಿತು. ಭೂವಿಜ್ಞಾನದ ಅಧ್ಯಾಪಕರಾಗಿದ್ದ ನಿಸಾರರು 1960ರಲ್ಲಿಯೇ ‘ಮನಸು ಗಾಂಧಿ ಬಜಾರು’ ಪ್ರಕಟಿಸಿದವರು. 1972ರಲ್ಲಿ ಒಂದು ಸಂಕಲನಕ್ಕೆ ‘ನಾನೆಂಬ ಪರಕೀಯ’ ಎಂದು ಹೆಸರಿಟ್ಟವರೂ ಅವರೇ, 1976ರಲ್ಲಿ ಇನ್ನೊಂದಕ್ಕೆ ‘ನಿತ್ಯೋತ್ಸವ’ ಎಂದು ಹೆಸರಿಟ್ಟವರೂ ಅವರೇ. ತನ್ನನ್ನೇ ಪರಕೀಯನಾಗಿ ಕಂಡ ಮನಸ್ಸು ನಾಡನ್ನು ತನ್ನದೆಂದು ಹಾಡಿತು. ಇದನ್ನರಿತಾಗ ಆ ಹಾಡು ಬರಿಯ ನಾಡಿನ ಸ್ತುತಿಯಾಗಿ ಉಳಿಯುವುದಿಲ್ಲ.

ಇದನ್ನು ನಾನು ತರಗತಿಯಲ್ಲಿ ಹೇಳಬೇಕಿತ್ತು. ಹೇಳಲಿಲ್ಲ. ನಿಸಾರರ ಪಾಠ ಬಂದಾಗಲೆಲ್ಲ ವಿದ್ಯಾರ್ಥಿಗಳಿಂದ ಆ ಹಾಡನ್ನು ಹಾಡಿಸಿ, ಎಲ್ಲರಿಗೂ ಸಂತೋಷವಾಯಿತೆಂದು ಪಾಠ ಮುಗಿಸಿದೆ. 2020ರ ಮೇ 3ರಂದು ಕವಿ ತೀರಿಕೊಂಡ ಸುದ್ದಿ ಬಂದ ದಿನ ಕಪಾಟಿನಿಂದ ‘ನಾನೆಂಬ ಪರಕೀಯ’ವನ್ನು ತೆಗೆದು ಧೂಳು ಕೊಡವಿದೆ; ನಾಚಿಕೆಯೆನಿಸಿತು.

ಕ್ಯಾಸೆಟ್ಟಿನ ಕಾಲ ಮುಗಿದರೂ ಹಾಡು ಉಳಿದಿದೆ. ಅದನ್ನು ಕಲಿತ ಮಕ್ಕಳ ಕೈಗೆ ಕವಿಯ ಪುಸ್ತಕವನ್ನೂ ಕೊಡೋಣ.

(ಆಕಾಶವಾಣಿಯ ಕೃಪೆಯಿಂದ)